ಏಳು ದಿನ ಬೇರೆ ಇಟ್ಟ ಗಪ್ಪಿಗಳು

ಸವಣೂರು,
ಭಾನುವಾರ

ಪ್ರೀತಿಯ ವಸುಮತಿ ಅಕ್ಕ,

ಈ ಕಾಗದದ ಜೊತೆ ಉಮ್ಮ ಒಂದು ಬಾಟಲಿಯನ್ನೂ ತರುತ್ತಾರೆ. ಅದನ್ನು ನೆರಳಿನಲ್ಲಿಟ್ಟು, ಮುಚ್ಚಳ ಸಡಿಲಿಸಿ, ಆಮೇಲೆ ಓದಿ. ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ ಎಂದು ನಿಮಗೆ ಗೊತ್ತು.

ಹೋದ ತಿಂಗಳು ಬೆಳ್ಳಾರೆಗೆ ಬಂದಾಗ ನಿಮ್ಮ ಜಗಲಿಯಲ್ಲಿ ಆ ಗಾಜಿನ ತೊಟ್ಟಿ ನೋಡಿದೆ. ಒಳಗೆ ಹರಿದ ಕೊಡೆ, ಉಲ್ಲನ್ ಉಂಡೆಗಳು. ಪುನಃ ಒಂದು ಮೀನು ಸಾಕಬಾರದೇ ಎಂದು ಕೇಳಿದೆ. "ನನ್ನ ಕೈಗೆ ಜೀವ ಆಗಿಬರುದಿಲ್ಲ ಅಮೀರಾ. ಗುಂಡನನ್ನು ಕೊಂದದ್ದು ನಾನೇ ಅಲ್ವಾ" ಎಂದು ನೀವು ನಕ್ಕಿರಿ. ಎಂಟು ವರ್ಷದ ಮೇಲೂ ಆ ಮಾತು ನಿಮ್ಮಲ್ಲಿ ಉಳಿದಿರಬಹುದೆಂದು ನಾನು ಎಣಿಸಿರಲಿಲ್ಲ. ವಾಪಸು ಬರುವಾಗ ಬಸ್ಸು ಸವಣೂರು ದಾಟಿ ಹೋದದ್ದೇ ನನಗೆ ತಿಳಿಯಲಿಲ್ಲ.

ನಿಮ್ಮ ತಮ್ಮ ಮುರಳಿಕೃಷ್ಣಣ್ಣ ಪುತ್ತೂರಿನ ಮನೆ ಬಿಡುವಾಗ ತನ್ನ ಆಸ್ಕರ್ ಮೀನನ್ನು ನಿಮ್ಮಲ್ಲಿ ಬಿಟ್ಟುಹೋದರು. ಅಂಗೈಯಗಲದ ಕಪ್ಪು ಮೈ, ಕೆಂಡದ ಬಣ್ಣದ ಪಟ್ಟೆ. ನೀವು ಗುಂಡ ಎಂದು ಹೆಸರಿಟ್ಟಿರಿ. ಅಂಗಡಿಯ ಕಾಳು ಹಾಕಿದರೆ ಉಗುಳುತ್ತಿದ್ದ; ಅವನಿಗೆ ಓಡಾಡುವ ಮೀನೇ ಬೇಕು. ನಿಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಆಗ ನಾವು ನಿಮ್ಮ ನೆರೆಯಲ್ಲೇ ಇದ್ದೆವಲ್ಲ, ಹಾಗಾಗಿ ನಮ್ಮ ಒಗೆಯುವ ಕಲ್ಲಿನ ಪಕ್ಕದ ಸಿಮೆಂಟು ತೊಟ್ಟಿಯಲ್ಲಿ ಅವನಿಗೆ ಹಾಕುವ ಸಣ್ಣ ಬಣ್ಣದ ಮೀನು, ಗಪ್ಪಿ, ಸಾಕುವ ಕೆಲಸ ನನ್ನದಾಯಿತು. ಮೀನು ತಿನ್ನುವ ನಾವು ಸಾಕುವುದು, ತಿನ್ನದವರು ಬಡಿಸುವುದು, ಇದೆಂತ ಕಥೆ ಎಂದು ಉಮ್ಮ ನಗುತ್ತಿದ್ದರು. ನಾನು ಬಾಟಲಿ ಹಿಡಿದು ಬಂದರೆ ನಿಮ್ಮ ಅತ್ತೆ ಎದ್ದು ಒಳಗೆ ಹೋಗುವರು. ಆದರೆ ಗುಂಡ ತಿಂದನಾ ಎಂದು ಅಲ್ಲಿಂದಲೇ ಕೇಳುವರು.

ಏಳನೇ ಕ್ಲಾಸು ಮುಗಿಸಿ ಮನೆಯಲ್ಲಿ ಉಳಿದಿದ್ದ ನನಗೆ ನೀವು ಎಲ್ಲ ಕಲಿಸಿದಿರಿ. ಬಾಲದ ಹತ್ತಿರ ಕಪ್ಪು ಚುಕ್ಕೆ ದಪ್ಪವಾದರೆ ಬಸುರಿ. ಅವಳನ್ನು ತೂತಿನ ಬುಟ್ಟಿಯಲ್ಲಿ ಇಳಿಬಿಡಬೇಕು. ಇಲ್ಲವಾದರೆ ಹೆತ್ತ ಮರಿಗಳನ್ನು ಅವಳೇ ನುಂಗುತ್ತಾಳೆ. ಹೊರಗಿನ ಮೀನು ಸಿಕ್ಕಿದರೆ ಏಳು ದಿನ ಬೇರೆ ಇಟ್ಟು ರೋಗ ಇಲ್ಲವೆಂದು ನೋಡದೆ ಗುಂಡನಿಗೆ ಹಾಕಲೇಬಾರದು. "ಖಾಲಿ ಹೊಟ್ಟೆಯ ಗಪ್ಪಿ ತರಬೇಡ ಮಾರಾಯ್ತಿ. ಅದು ತಿಂದದ್ದೇ ಅವನಿಗೆ ಸಿಗುದು" ಎನ್ನುತ್ತಿದ್ದಿರಿ. ಮೀನು ಬೇಯಿಸಲು ತಿಳಿಯದ ನೀವು ಮೀನಿನ ಹೊಟ್ಟೆಯ ಬಗ್ಗೆ ಅಷ್ಟು ತಿಳಿದಿದ್ದಿರಿ.

ವಾಪಸು ಬರುವಾಗ ನನ್ನ ಖಾಲಿ ಬಾಟಲಿಗೆ ನೀವು ಓದಿ ಮುಗಿಸಿದ ವಾರಪತ್ರಿಕೆ ಸುತ್ತಿ ಕೊಡುತ್ತಿದ್ದಿರಿ. ಒದ್ದೆ ಪುಟಗಳನ್ನು ಒಲೆಯ ಹತ್ತಿರ ಒಣಗಿಸಿ ಓದುತ್ತಿದ್ದೆ. ಇವತ್ತು ನಾನು ನಾಲ್ಕು ಸಾಲು ಬರೆಯುವುದು ಆ ಪುಟಗಳಿಂದ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಆ ಮಳೆಗಾಲ ಮರಿಗಳು ಹೆಚ್ಚಾಗಿ ತೊಟ್ಟಿ ಸಾಲದಾಯಿತು. ನಿಮ್ಮ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಡ್ರಮ್ಮನ್ನು ಕೇಳಿ ತಂದೆ. ಅಡಿಕೆಗೆ ಬಿಡುವ ಮೈಲುತುತ್ತಿನ ಮದ್ದು ಕಲಸಿದ ಡ್ರಮ್ಮು. ನಾಲ್ಕು ಸಲ ತೊಳೆದೆ, ಸಾಕೆಂದುಕೊಂಡೆ. ಗಪ್ಪಿಗಳನ್ನೆಲ್ಲ ಅದಕ್ಕೆ ಸುರಿದು ತೊಟ್ಟಿ ಉಜ್ಜಲು ಕುಳಿತೆ. ಬೆಳಗಾಗುವಾಗ ಒಂದೂ ಉಳಿದಿರಲಿಲ್ಲ.

ಅವತ್ತೇ ನಿಮ್ಮಲ್ಲಿಗೆ ಬರುವ ದಿನ. ಮೀನು ತರದಿದ್ದರೆ ವಾರಪತ್ರಿಕೆ ಸಿಗಲಿಕ್ಕಿಲ್ಲ ಎಂದು ಹೆದರಿದೆ. ಹಿಂದಿನ ವಾರದ ಪತ್ರಿಕೆಯ ಕಥೆ ಅರ್ಧಕ್ಕೆ ನಿಂತಿತ್ತು. ತೋಡಿಗೆ ಇಳಿದು ಶಾಲಿನಲ್ಲಿ ಸಣ್ಣ ಮೀನು ಹಿಡಿದು ಹಾಗೆಯೇ ತಂದುಕೊಟ್ಟೆ. "ಇವತ್ತು ಬಣ್ಣ ಕಮ್ಮಿ ಉಂಟಲ್ಲ" ಎಂದಿರಿ. ಎಲ್ಲ ಹೆಣ್ಣು, ಹೆಣ್ಣು ಗಪ್ಪಿಗೆ ಬಣ್ಣ ಇರುವುದಿಲ್ಲವಲ್ಲ ಎಂದೆ.

ನಾಲ್ಕೈದು ದಿನದಲ್ಲಿ ಗುಂಡನ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ನೀವು ಉಪ್ಪು ಹಾಕಿದಿರಿ, ನೀರು ಬದಲಿಸಿದಿರಿ. ಅವನು ಉಳಿಯಲಿಲ್ಲ. ಜೀವ ಇದ್ದದ್ದನ್ನು ಬಡಿಸಿದ್ದಕ್ಕೆ ಹೀಗಾಯಿತು ಎಂದು ಅತ್ತೆ ಹೇಳಿದಾಗ ನೀವು ತಲೆ ತಗ್ಗಿಸಿ ನಿಂತಿರಿ. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಹೊರಡುವಾಗ ನೀವು ಎಂದಿನ ಹಾಗೆ ಪತ್ರಿಕೆ ಕೊಟ್ಟಿರಿ. ಮೀನಿಲ್ಲದಿದ್ದರೂ ಕೊಡುತ್ತಿದ್ದಿರಿ ಎಂದು ಆಗ ಗೊತ್ತಾಯಿತು. ಆ ಕಥೆಯನ್ನು ನಾನು ಇಂದಿಗೂ ಓದಿ ಮುಗಿಸಿಲ್ಲ.

ಬಾಟಲಿಯಲ್ಲಿ ಹನ್ನೆರಡು ಗಪ್ಪಿ ಉಂಟು. ನಮ್ಮ ಈಗಿನ ಮನೆಯ ತೊಟ್ಟಿಯಲ್ಲಿ ಹುಟ್ಟಿದವೇ, ಆದರೂ ಏಳು ದಿನ ಬೇರೆ ಇಟ್ಟಿದ್ದೇನೆ. ಬೆಳಿಗ್ಗೆ ಮೊಟ್ಟೆಯ ಹಳದಿ ತಿಂದಿವೆ, ಅತ್ತೆಗೆ ಹೇಳಬೇಡಿ. ಇನ್ನೊಬ್ಬ ಗುಂಡನಿಗೆ ಬಡಿಸುತ್ತೀರೋ, ಸುಮ್ಮನೆ ನೋಡುತ್ತೀರೋ, ನಿಮ್ಮ ಇಷ್ಟ. ಕೋಪವಿದ್ದರೆ ಬಾಟಲಿಯನ್ನು ಬರಿದೇ ಉಮ್ಮನ ಕೈಗೆ ಕೊಡಿ, ನನಗೆ ತಿಳಿಯುತ್ತದೆ. ಪತ್ರಿಕೆ ಸುತ್ತಿ ಕೊಟ್ಟರೆ ಮುಂದಿನ ವಾರ ನಾನೇ ಬಂದು ಆ ತೊಟ್ಟಿ ತೊಳೆದುಕೊಡುತ್ತೇನೆ.

ತಪ್ಪು ನಿಮ್ಮ ಕೈಯದಲ್ಲ ಅಕ್ಕ. ಆ ಕೈ ಯಾವಾಗಲೂ ತಣ್ಣಗಿರಲಿ.

ನಿಮ್ಮ ಗಪ್ಪಿಯ ಹುಡುಗಿ,
ಅಮೀರಾ