ಅಪ್ಪನ ಜೋಲಿ ತೂಗುತ್ತಿದ್ದೇನೆ

ತೆಫೆ ಬಂದರು, ಲಾಂಚಿನ ಮೇಲೆ
ಮಾರ್ಚ್ 14, ಮಧ್ಯಾಹ್ನ

ಪ್ರೀತಿಯ ಅದಮೋರಣ್ಣಾ,

ನಿನ್ನ ಜ್ವರ ಬಿಟ್ಟಿತೇ? ಅತ್ತಿಗೆ ಕೊಡುವ ಕಷಾಯವನ್ನು ಕಿಟಕಿಯಾಚೆ ಚೆಲ್ಲದೆ ಕುಡಿ, ನಿನ್ನ ಬುದ್ಧಿ ನನಗೆ ಗೊತ್ತು. ವೇಗದ ಬೋಟು ಇನ್ನೇನು ಹೊರಡುತ್ತದೆ. ಅದರಲ್ಲಿ ಕಳಿಸುವ ಈ ಕಾಗದ ಸಂಜೆಗೆ ನಿನ್ನ ಕೈ ಸೇರೀತು. ನಮ್ಮ ಲಾಂಚು ಊರು ಮುಟ್ಟುವುದು ನಾಳೆ ಬೆಳಿಗ್ಗೆ. ಅಣ್ಣಾ, ಅಪ್ಪ ಹೋಗಿಬಿಟ್ಟ. ಇವತ್ತು ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಡೆಕ್ಕಿನಲ್ಲಿ ಕಟ್ಟಿದ ತನ್ನ ಜೋಲಿಯಲ್ಲೇ.

ಕಪ್ತಾನನಿಗೆ ಹೇಳಿಲ್ಲ. ಹೇಳಿದರೆ ಇಲ್ಲೇ ಇಳಿಸುತ್ತಾನೆ, ಗುರುತಿಲ್ಲದ ಊರಿನಲ್ಲಿ ಮಣ್ಣು ಮಾಡಬೇಕಾಗುತ್ತದೆ. ಮನೌಸಿನ ಡಾಕ್ಟರು ಕೈಬಿಟ್ಟ ದಿನವೇ, ಅಮ್ಮನ ಪಕ್ಕದಲ್ಲಿ ಮಲಗಿಸುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಅದಕ್ಕೇ ನನ್ನ ಜೋಲಿಯಲ್ಲಿ ಕೂತು, ಒಂದು ಕಾಲಿನಿಂದ ಅವನ ಜೋಲಿ ತೂಗುತ್ತಾ ಬರೆಯುತ್ತಿದ್ದೇನೆ. ಪ್ರಯಾಣಿಕರ ನೂರು ಜೋಲಿಗಳ ನಡುವೆ ಒಂದೇ ಒಂದು ಅಲುಗದೆ ನಿಂತರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಲಾಂಚು ಹತ್ತಿದಂದಿನಿಂದ ಪಕ್ಕದ ಜೋಲಿಯ ವಲ್ದೀರಿಯಾಳದ್ದು ಒಂದೇ ರಗಳೆ: "ಏನವ್ವಾ, ನಿಮ್ಮಪ್ಪನ ಮೊಣಕಾಲಿಗೆ ನನ್ನ ಪಕ್ಕೆನೇ ಬೇಕಾ? ಹಗ್ಗ ಆ ಕಡೆ ಕಟ್ಟು!" ಅಪ್ಪನೂ ಬಿಡುತ್ತಿರಲಿಲ್ಲ: "ನೀನೊಂಚೂರು ತೆಳ್ಳಗಾಗು ತಾಯಿ, ಜಾಗ ತಾನಾಗೇ ಬರುತ್ತೆ." ಅವನು ಹೋದದ್ದು ಮೊದಲು ತಿಳಿದದ್ದು ಅವಳಿಗೇ, ತಾಗಿದ ಮೊಣಕಾಲು ತಣ್ಣಗಿತ್ತಂತೆ. ನನ್ನ ಬಾಯಿಗೆ ಕೈ ಅಡ್ಡ ಹಿಡಿದು, "ಅಳಬೇಡ ಮಗಳೇ, ತೂಗ್ತಾ ಇರು. ನಿನ್ನ ಕಾಲು ಸೋತ್ರೆ ನಾನಿದೀನಿ" ಅಂದಳು. ಊಟಕ್ಕೆ ಕರೆಯಲು ಬಂದ ಅಡುಗೆಯವನನ್ನೂ ಅವಳೇ ಗದರಿ ಅಟ್ಟಿದಳು: "ಮುದುಕಂಗೆ ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಿದ್ಯೋ ನೋಡು!" ನನಗಂತೂ ಹೆದರಿಕೆ, ಅಣ್ಣಾ. ಸೆಕೆ ವಿಪರೀತ.

ನಾಲ್ಕು ಜನರನ್ನೂ ಒಂದು ಗಟ್ಟಿ ಗಳವನ್ನೂ ತಂದು ದಡದಲ್ಲಿ ನಿಂತಿರು. ಶವಪೆಟ್ಟಿಗೆ ತರಬೇಡ, ಕಂಡರೆ ಕಪ್ತಾನ ರಂಪ ಮಾಡುತ್ತಾನೆ. ಕಾಯಿಲೆಯವರನ್ನು ಇಳಿಸುವ ಹಾಗೆ ಜೋಲಿ ಸಮೇತ ಹೊತ್ತು ಇಳಿಸೋಣ. ಅಮ್ಮನ ಪಕ್ಕದಲ್ಲಿ ಗುಂಡಿ ಇವತ್ತೇ ತೋಡಿಸು.

ಅತ್ತಿಗೆಗೂ ಮಕ್ಕಳಿಗೂ ನನ್ನ ಪ್ರೀತಿ. ದೇವಮಾತೆ ನಿಮ್ಮನ್ನು ಕಾಯಲಿ.

ನಿನ್ನ ತಂಗಿ,
ಜುಸಿಲೇನೆ

ತಾ.ಕ.: ಬೋಟಿನವನು ಕೂಗುತ್ತಿದ್ದಾನೆ. ನಾಳೆ ಹೆಣದ ಮುಂದೆ ಕೂತು ಎಲ್ಲರೂ, ಮಗಳು ಕೊನೆಯವರೆಗೂ ನೋಡಿಕೊಂಡಳು ಅನ್ನುತ್ತಾರೆ. ನೀನಾದರೂ ಅನ್ನಬೇಡ. ಮೂರು ದಿನ ನಿದ್ದೆಗೆಟ್ಟಿದ್ದೆ. ಜೋಲಿಯ ಅಂಚನ್ನು ಮುಖದ ಮೇಲೆ ಎಳೆದುಕೊಂಡವರನ್ನು ಯಾರೂ ಮಾತಾಡಿಸುವುದಿಲ್ಲವಲ್ಲ, ಇವತ್ತು ಬೆಳಿಗ್ಗೆ ನಾನೂ ಹಾಗೆ ಎಳೆದುಕೊಂಡೆ. ಅಪ್ಪ ನೀರು ಕೇಳಿದ. ಎರಡು ಸಲ. ನನಗೆ ಕೇಳಿಸಿತು, ಏಳಲಿಲ್ಲ. ಕೊಟ್ಟವಳು ವಲ್ದೀರಿಯಾ.