ಬಚ್ಚಲಿನ ಕಪ್ಪೆಗೆ ಅತ್ತೆಯ ಹೆಸರು

ಭಾತಂಬ್ರಾ, ಭಾಲ್ಕಿ ತಾಲ್ಲೂಕು

ಅತ್ತೆಯವರಿಗೆ ನಮಸ್ಕಾರ.

ಹೊಸ ಕಪ್ಪೆ ಸಿಕ್ಕರೆ ನಿಮ್ಮ ಹೆಸರಿಡುತ್ತೇನೆಂದು ಮಾತು ಕೊಟ್ಟಿದ್ದೆ, ಅದು ಕೈತಪ್ಪಿತು. ಕಪ್ಪೆ ಸಿಕ್ಕಿದ್ದು ಇಲ್ಲಿನ ಸಪನಾ ಅವರ ಬಚ್ಚಲಿನಲ್ಲಿ. ಅಂಗುಲದಷ್ಟಿದೆ, ಕೂಗಿದರೆ ತಂಬಿಗೆ ನಡುಗುತ್ತದೆ. ಹೊಸ ಜಾತಿಯೆಂದು ತಜ್ಞರೂ ಒಪ್ಪಿದರು. ಸಿಕ್ಕಿದ್ದು ಅವರ ಮನೆಯಲ್ಲಿ, ಹಾಗಾಗಿ ಸಪನಾ ಹೆಸರನ್ನೇ ಇಡುವುದು ನ್ಯಾಯ ಎಂದೆ.

“ನನ್ನದು ಬ್ಯಾಡ್ರಿ ಮೇಡಂ, ನಮ್ಮ ಅತ್ತಿದು ಇಡ್ರಿ. ದನಿ ಹಾಂಗೇ ಅದ.”

ಅವರ ಅತ್ತೆ ಶಾಲುಬಾಯಿ ಅಲ್ಲೇ ಕೂತು ತೊಗರಿಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಇಡ್ರಿ. ನಾ ಸತ್ತ ಮ್ಯಾಲೂ ಇಕಿ ಬಚ್ಚಲದಾಗ ಕುಂತು ಒದರ್ತೇನಿ.”

ಆ ಹೆಸರನ್ನೇ ಬರೆದು ಕಳಿಸಿದೆ. ನನ್ನ ನೆಗಡಿ ವಾಸಿಯಾಗಿದೆ, ಜೋಳದ ರೊಟ್ಟಿ ಒಗ್ಗಿದೆ. ನಿಮ್ಮ ಹೆಸರಿಗೆ ಒಂದು ಹಲ್ಲಿ ನೋಡಿಟ್ಟಿದ್ದೇನೆ.

ನಿಮ್ಮ ಸೊಸೆ,
ವಾರಿಜಾ