ಸಿಂಧೂರ ಬಳಿದ ಹಲ್ಲು

ಚಿಂಚವಡ,
ಬುಧವಾರ, 22 ಅಕ್ಟೋಬರ್ 1986, ಮಧ್ಯಾಹ್ನ

ಪ್ರೀತಿಯ ದಾದಾ,

ನಿನ್ನ ತಂಗಿ ಶರಯೂಳ ನಮಸ್ಕಾರ. ಬೆನ್ನುನೋವು ಹೇಗಿದೆ? ಹೆಂಡತಿಯ ಮಾತು ಕೇಳಿ ವಹಿನಿ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಸೀಸೆಯನ್ನು ತುಂಬಿದ ಹಾಗೇ ವಾಪಸ್ ತರುವ ಯೋಚನೆಯೋ? ಮಹಾಡದ ಖಾನಾವಳಿಯ ಮೀನುಸಾರು ತಿಂದು ಹೊಟ್ಟೆ ಕೆಟ್ಟಿದೆ ಅಂತ ಬರೆದಿದ್ದೆ, ಈಗ ಸರಿಹೋಯಿತೇ? ಇಲ್ಲಿ ಎಲ್ಲರೂ ಆರಾಮ. ರೇಷನ್ ಕಾರ್ಡ್ ಎಲ್ಲಿಟ್ಟಿದ್ದೀಯ ಅಂತ ವಹಿನಿ ಕೇಳಲು ಹೇಳಿದ್ದಾಳೆ. ಅವಳಿಗೆ ನಾನು ಬೇರೇನೂ ಹೇಳಿಲ್ಲ. ನಾನು ಮಾತ್ರ ಆರಾಮಾಗಿಲ್ಲ ದಾದಾ. ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಓಡಿಸುತ್ತಿರುವ ಟ್ರಯಲ್ ಬಸ್ಸಿನ ಗೇರನ್ನು ನಂಬಬೇಡ. ವರಂಧ ಘಾಟಿ ಇಳಿಯುವಾಗ ಅದು ತಾನಾಗಿಯೇ ಕಳಚಿಕೊಳ್ಳಬಹುದು. ತಪ್ಪು ನನ್ನದು.

ಹಳೇ ಗೇರ್ ಪೆಟ್ಟಿಗೆಯ ಬಗ್ಗೆ ನೀನೇ ತಾನೆ ಊಟಕ್ಕೆ ಕೂತಾಗಲೆಲ್ಲ ರೇಗಿಸುತ್ತಿದ್ದದ್ದು, "ನಿಮ್ಮ ಕಾರ್ಖಾನೆ ಗೇರ್ ಹಾಕಿದ್ರೆ ಬೀದಿ ನಾಯಿಗಳೆಲ್ಲ ಎದ್ದು ಓಡ್ತವೆ ಕಣೇ" ಅಂತ. ಆ ಮಾತು ನನ್ನನ್ನು ಚುಚ್ಚುತ್ತಿತ್ತು. ಎರಡು ವರ್ಷ ಕೂತು ಹೊಸ ಹಲ್ಲಿನ ನಕ್ಷೆ ಬರೆದೆ. ಹಲ್ಲಿನ ಮೂತಿಯನ್ನು ಚೂಪು ಮಾಡಿದೆ, ಎದುರಿನ ಹಲ್ಲುಗಳ ಸಂದಿಯಲ್ಲಿ ಕರಕರ ಅನ್ನದೆ ಜಾರಿ ಕೂರಲಿ ಅಂತ. ಆದರೆ ಸುಲಭವಾಗಿ ಒಳಗೆ ಹೋದದ್ದು ಅಷ್ಟೇ ಸುಲಭವಾಗಿ ಹೊರಗೂ ಬರುತ್ತದೆ. ಅದಕ್ಕೇ ಹಲ್ಲಿನ ಎರಡೂ ಮಗ್ಗುಲನ್ನು ಬುಡದ ಕಡೆಗೆ ಒಂದು ಕೂದಲೆಳೆಯಷ್ಟು ಕಿರಿದು ಮಾಡುತ್ತೇವೆ. ಭಾರ ಬಿದ್ದಾಗ ಹಲ್ಲಿಗೆ ಹಲ್ಲು ಕಚ್ಚಿಕೊಂಡು ನಿಲ್ಲುವುದು ಆ ಕೂದಲೆಳೆಯಿಂದಲೇ. ಸರಿಯಾಗಿ ಕಚ್ಚಿದೆಯೇ ಎಂದು ನೋಡಲು ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಒಂದು ಕಡೆಯ ಹಲ್ಲಿಗೆ ಬಳಿದು, ಜೋಡಿಸಿ, ಭಾರ ಕೊಟ್ಟು ತಿರುಗಿಸುತ್ತೇವೆ. ಎದುರಿನ ಹಲ್ಲಿನ ಮಗ್ಗುಲ ತುಂಬ ಕೆಂಪು ಅಂಟಿದ್ದರೆ ಪಾಸು. ಅಂಚಿನಲ್ಲಿ ಮಾತ್ರ ಅಂಟಿದ್ದರೆ ಮತ್ತೆ ಕೊರೆಯಬೇಕು.

ದಸರೆಗೆ ಎರಡು ದಿನ ಮೊದಲು, ಶುಕ್ರವಾರ ಸಂಜೆ, ನಿನ್ನ ಬಸ್ಸಿನ ಗೇರನ್ನು ಹೀಗೇ ತಿರುಗಿಸಿ, ಬಿಚ್ಚಿ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಆಮೇಲೆ ನೋಡಿದರಾಯಿತು ಅಂತ ಬಟ್ಟೆ ಮುಚ್ಚಿಟ್ಟೆ. ಮಾರನೇ ದಿನ ಖಂಡೇನವಮಿ, ಆಯುಧ ಪೂಜೆ, ಪೂಜೆಗಲ್ಲದೆ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ. ಭಾನುವಾರ ದಸರೆ. ಸೋಮವಾರ ಬಂದು ಬಟ್ಟೆ ಸರಿಸಿ ನೋಡಿದರೆ ಮಗ್ಗುಲ ತುಂಬ ಕೆಂಪೋ ಕೆಂಪು. ನನಗೆ ಎಷ್ಟು ಸಂತೋಷವಾಯಿತೆಂದರೆ ಎರಡನೇ ಸಲ ನೋಡುವ ಗೋಜಿಗೇ ಹೋಗಲಿಲ್ಲ. ಸಹಿ ಹಾಕಿದೆ. ಎಲ್ಲರಿಗೂ ಪೇಢೆ ಹಂಚಿದೆ. ಅದೇ ಗೇರು ನಿನ್ನ ಬಸ್ಸಿಗೆ ಹತ್ತಿತು.

ಇವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ಫಿಟ್ಟರ್ ಕೋಂಡಿಬಾ ಕಾಕಾ ನಗುತ್ತಾ ಹೇಳಿದರು, "ತಾಯಿ, ಈ ಸಲ ಪೂಜೇಲಿ ನಿನ್ನ ಹೊಸ ಗೇರಿಗೇ ಮೊದಲನೇ ಮರ್ಯಾದೆ. ಮಾರುತಿಗೆ ಬಳಿದ ಹಾಗೆ ಒಂದು ಹಲ್ಲೂ ಬಿಡದೆ ಬಳಿದೀನಿ." ಅದೇ ಡಬ್ಬಿಯ ಸಿಂಧೂರ, ದಾದಾ. ನಾನು ಕಂಡ ಕೆಂಪು ಹಲ್ಲು ಕಚ್ಚಿದ ಗುರುತಲ್ಲ, ಪೂಜೆಯದು. ಪಾಪ, ಅವರು ಭಕ್ತಿಯಿಂದಲೇ ಮಾಡಿದ್ದು, ಅವರ ಮೇಲೆ ಸಿಟ್ಟು ಮಾಡಲಾರೆ. ಚಹಾ ಅಲ್ಲೇ ಬಿಟ್ಟೆ. ಓಡಿಹೋಗಿ ನಿನ್ನ ಗೇರು ಕೊರೆದ ದಿನವೇ ಕೊರೆದಿದ್ದ ಇನ್ನೊಂದು ಜೋಡಿಯನ್ನು ಒರೆಸಿ, ಹೊಸದಾಗಿ ಬಳಿದು ತಿರುಗಿಸಿ ನೋಡಿದೆ. ಕೆಂಪು ಅಂಟಿದ್ದು ಅಂಚಿನಲ್ಲಿ ಮಾತ್ರ, ಕತ್ತರಿಸಿ ಬಿಸಾಡಿದ ಉಗುರಿನಷ್ಟು. ಮೂರು ಸಲ ಮಾಡಿದೆ. ಮೂರು ಸಲವೂ ಅಷ್ಟೇ.

ಆಗ ನಿನ್ನ ಹೋದ ವಾರದ ಕಾಗದ ನೆನಪಾಯಿತು. "ನಿನ್ನ ಗೇರು ಬೆಣ್ಣೆ ಕಣೇ ಹಲ್ಲಿನ ಡಾಕ್ಟರಮ್ಮ. ವಾಘಜಾಯಿ ಗುಡಿ ಹತ್ರ ಮೂರನೇ ಗೇರು ತಾನೇ ಕಳಚಿ ದೇವಿಗೆ ಕೈ ಮುಗೀತು" ಅಂತ ತಮಾಷೆ ಮಾಡಿದ್ದೆ. ಅವತ್ತು ಓದಿ ನಕ್ಕಿದ್ದೆ. ಇವತ್ತು ಅದರ ಅರ್ಥ ಗೊತ್ತಾಯಿತು. ಇಳಿಜಾರಿನಲ್ಲಿ ನೀನು ಆಕ್ಸಿಲರೇಟರಿನಿಂದ ಕಾಲು ಎತ್ತಿದಾಗ ಗಾಡಿಯನ್ನು ತಡೆದು ಹಿಡಿಯುವುದು ಗೇರು. ಅದು ಕಳಚಿದರೆ ಇಡೀ ಬಸ್ಸು, ಅದರೊಳಗಿನ ಮರಳಿನ ಚೀಲಗಳು, ನೀನು, ಎಲ್ಲ ಭಾರವೂ ಬ್ರೇಕಿನ ಮೇಲೆ. ಆ ತಿರುವುಗಳಲ್ಲಿ ಬ್ರೇಕು ಎಷ್ಟು ಹೊತ್ತು ತಡೆಯುತ್ತದೆ ಎಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನನಗೆ ತುಂಬ ಭಯವಾಗುತ್ತಿದೆ.

ನನ್ನ ಮೇಲಧಿಕಾರಿ ಗಾಡಗೀಳ ಸಾಹೇಬರ ಮುಂದೆ ಎಲ್ಲ ಹೇಳಿದೆ. "ಇಂಥದ್ದು ಗೊತ್ತಾಗ್ಲಿ ಅಂತಾನೇ ಅಲ್ವೇನಮ್ಮ ಟ್ರಯಲ್ ಮಾಡೋದು? ನಿಮ್ಮಣ್ಣ ಭಾನುದಾಸ ಹಳೇ ಹುಲಿ, ನೋಡ್ಕೋತಾನೆ. ಶುಕ್ರವಾರ ಮಾತಾಡೋಣ" ಅಂದರು. ನಾಳೆ ಗುರುವಾರ, ಕಾರ್ಖಾನೆಗೆ ವಾರದ ರಜೆ. ನಿನ್ನ ಘಾಟಿಗೆ ರಜೆ ಇಲ್ಲವಲ್ಲ. ನಿನ್ನ ಲಾಡ್ಜಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಕೂತೆ, ಮಹಾಡದ ಲೈನೇ ಇಲ್ಲವಂತೆ. ಅದಕ್ಕೇ ಮನೆಗೆ ಓಡಿಬಂದು ಈ ಕಾಗದ ಬರೆಯುತ್ತಿದ್ದೇನೆ. ನಮ್ಮ ಚಾಳಿನ ಕಂಡಕ್ಟರ್ ಗುಲಾಬಭಾಯಿಗೆ ಇವತ್ತು ಮಹಾಡದ ಡ್ಯೂಟಿ, ಅವನ ಕೈಯಲ್ಲಿ ಕೊಡುತ್ತೇನೆ. ಅಪ್ಪಣೆ ಇಲ್ಲದೆ ಗಾಡಿ ನಿಲ್ಲಿಸಿದರೆ ಹೋದ ವರ್ಷದ ಹಾಗೆ ನಿನ್ನನ್ನೇ ಸಂಬಳವಿಲ್ಲದೆ ಮನೆಗೆ ಕಳಿಸುತ್ತಾರೆ. ಆದ್ದರಿಂದ ತಪ್ಪು ನನ್ನದೇ ಎಂದು ಬರೆದುಕೊಟ್ಟು, ಸಂಜೆಯೊಳಗೆ ಸಾಹೇಬರ ಸಹಿ ಹಾಕಿಸಿಕೊಂಡು, ನಾಳೆ ಮೊದಲನೇ ಬಸ್ಸಿಗೆ ನಾನೇ ಬರುತ್ತೇನೆ. "ನನ್ನ ತಂಗಿ ಸಹಿ ಹಾಕಿದ್ರೆ ನಾನೇ ಜವಾಬ್ದಾರಿ" ಅಂತ ಹೇಳಿ ನೀನು ನನ್ನನ್ನು ಈ ಕೆಲಸಕ್ಕೆ ಸೇರಿಸಿದೆ. ಕೆಲಸ ಹೋದರೆ ಹೋಗಲಿ. ನಾನು ಬರುವವರೆಗೆ ಬಸ್ಸು ಹತ್ತಬೇಡ, ಹೊಟ್ಟೆನೋವು ಅಂತ ಹೇಳಿ ಮಲಗಿಬಿಡು. ಈ ಮಾತೊಂದನ್ನು ನೀನು ಕೇಳಲಾರೆ ಅಂತ ಭಯ. ಹಿಂದೆ ಹೇಳಿದ ಮಾತನ್ನೆಲ್ಲ ಕೇಳಿದ್ದೀಯ, ಅದು ಇನ್ನೂ ದೊಡ್ಡ ಭಯ.

ವಹಿನಿ ಶೇಂಗಾ ಚಟ್ನಿ ಕಟ್ಟಿ ಕೊಟ್ಟಿದ್ದಾಳೆ. ಆ ವಾಘಜಾಯಿ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಶರಯೂ

ತಾ.ಕ.: ಗುಲಾಬಭಾಯಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನಿನ್ನ ಹಟ ನನಗೆ ಗೊತ್ತು, ನಾನು ಬರುವ ಮೊದಲೇ ಹೊರಟುಬಿಡುತ್ತೀಯ. ಗಣಪತಿ ಹಬ್ಬದಲ್ಲಿ ನಿನಗೆ ಬೈದಿದ್ದೆನಲ್ಲ, ಗೇರಿನ ಹಿಡಿಯ ಮೇಲೆ ಕೈಯಿಟ್ಟು ಓಡಿಸಬೇಡ, ಒಳಗೆ ಗೇರನ್ನು ಸರಿಸುವ ಕವಲು ಸವೆಯುತ್ತದೆ, ನನ್ನ ಟ್ರಯಲ್ ಹಾಳಾಗುತ್ತದೆ ಅಂತ. ನನಗೋಸ್ಕರ ಇಪ್ಪತ್ತು ವರ್ಷದ ಅಭ್ಯಾಸ ಬಿಟ್ಟು ಈಗ ಎರಡೂ ಕೈ ಸ್ಟೀರಿಂಗ್ ಮೇಲೇ ಇಟ್ಟಿದ್ದೇನೆ ಅಂತ ನೀನು ಬರೆದಿದ್ದೆ. ಆ ಮಾತು ಮರೆತುಬಿಡು ದಾದಾ. ಘಾಟಿ ಮುಗಿಯುವವರೆಗೆ ಎಡಗೈಯಲ್ಲಿ ಗೇರಿನ ಹಿಡಿಯನ್ನು ಕಳಚದ ಹಾಗೆ ಒತ್ತಿ ಹಿಡಿದಿರು. ಕವಲು ಸವೆದರೆ ಸವೆಯಲಿ.